ಪ್ರಯೋಗಾಲಯದ ಇಲಿಗಳಲ್ಲಿ ನ್ಯುಮೋಸಿಸ್ಟಿಸ್ ಸೋಂಕು ಹರಡದಂತೆ ತಡೆಯುವ ಬಗೆ

ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳನ್ನು ಸಾಕುವವರು, ಶ್ವಾಸಕೋಶವನ್ನು ಕಾಡುವ ನ್ಯುಮೋಸಿಸ್ಟಿಸ್ ಶಿಲೀಂಧ್ರವು ಸಂಪೂರ್ಣ ಆರೋಗ್ಯವಾಗಿ ಕಾಣುವ ಇಲಿಯಿಂದಲೂ ಹರಡುತ್ತದೆ ಎಂಬುದನ್ನು ಮೊದಲು ಮನಗಾಣಬೇಕು. ಸದೃಢವಾದ ಇಲಿಯು ಈ ಸೋಂಕನ್ನು ಕೆಲವು ವಾರಗಳಲ್ಲಿ ತಾನೇ ನೀಗಿಕೊಳ್ಳುತ್ತದೆಯಾದರೂ, ಆ ಅವಧಿಯಲ್ಲಿ ಅದರ ಉಸಿರಿನೊಂದಿಗೆ ಹೊರಬಿದ್ದ ಶಿಲೀಂಧ್ರವು ರೋಗನಿರೋಧಕ ಶಕ್ತಿಯಿಲ್ಲದ ನ್ಯೂಡ್ ಅಥವಾ ಸ್ಕಿಡ್ ತಳಿಯ ಇಲಿಯ ಶ್ವಾಸಕೋಶವನ್ನು ಸೇರಿದರೆ ತಡೆಯಿಲ್ಲದೆ ಬೆಳೆಯುತ್ತದೆ. ಮೈತೂಕ ಇಳಿಯುವುದು, ಬೆನ್ನು ಬಾಗುವುದು, ರೋಮ ಕೆದರುವುದು, ಉಸಿರಾಟ ಕಷ್ಟವಾಗುವುದು ಇವೆಲ್ಲ ತಡವಾಗಿ ಕಾಣುವ ಲಕ್ಷಣಗಳಾದ್ದರಿಂದ ಅವುಗಳಿಗಾಗಿ ಕಾಯುತ್ತ ಕೂರುವುದು ಸರಿಯಲ್ಲ.

ಸೋಂಕು ಗಾಳಿಯಲ್ಲಿ ಸಾಗುತ್ತದೆ. ಒಂದು ಇಲಿಯಿಂದ ಇನ್ನೊಂದಕ್ಕೆ ದಾಟುವುದು ಶಿಲೀಂಧ್ರದ ಗಟ್ಟಿ ಗೋಡೆಯ ಸಿಸ್ಟ್ ರೂಪ. ಹೀಗಾಗಿ ದುರ್ಬಲ ತಳಿಗಳನ್ನು ಗಾಳಿಯ ಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಸೋಸುಕವಿರುವ, ಪ್ರತ್ಯೇಕ ಗಾಳಿ ಹರಿವಿನ ಪಂಜರಗಳಲ್ಲಿ ಇರಿಸಬೇಕು. ಪಂಜರ ಎಷ್ಟೇ ಉತ್ತಮವಾಗಿದ್ದರೂ ಮುಚ್ಚಳ ತೆರೆದ ಕ್ಷಣವೇ ರಕ್ಷಣೆ ಕಳಚುತ್ತದೆ. ಆದ್ದರಿಂದ ಹಾಸು ಬದಲಿಸುವುದೂ ಇಲಿಯನ್ನು ಹಿಡಿಯುವುದೂ ಸೋಸಿದ ಗಾಳಿಯ ಕ್ಯಾಬಿನೆಟ್ಟಿನೊಳಗೇ ನಡೆಯಬೇಕು. ದಿನದ ಕೆಲಸವನ್ನು ದುರ್ಬಲ ತಳಿಗಳಿಂದ ಆರಂಭಿಸಿ, ಸಾಮಾನ್ಯ ತಳಿಗಳಿಗೆ ಹೋಗಿ, ಕ್ವಾರಂಟೈನ್ ಕೋಣೆಯಲ್ಲಿ ಮುಗಿಸಬೇಕು.

ಚಿಕ್ಕ ಜಾತಿಯ ಇಲಿಗಳಿಗೆ (ಮೌಸ್) ತಗಲುವುದು ನ್ಯುಮೋಸಿಸ್ಟಿಸ್ ಮ್ಯೂರಿನಾ, ದೊಡ್ಡ ಜಾತಿಯ ಇಲಿಗಳಿಗೆ (ರ‍್ಯಾಟ್) ಮುಖ್ಯವಾಗಿ ನ್ಯುಮೋಸಿಸ್ಟಿಸ್ ಕ್ಯಾರಿನೈ, ಮನುಷ್ಯರಿಗೆ ಜಿರೊವೆಸೈ. ಒಂದು ಪ್ರಾಣಿಯ ಪ್ರಭೇದ ಇನ್ನೊಂದರಲ್ಲಿ ನೆಲೆಸುವುದಿಲ್ಲವಾದ್ದರಿಂದ, ಸೋಂಕಿನ ಮೂಲವನ್ನು ಅದೇ ಜಾತಿಯ ಪ್ರಾಣಿಗಳಲ್ಲೇ ಹುಡುಕಬೇಕು. ಸದೃಢವಾದ ದೊಡ್ಡ ಇಲಿಗಳ ಶ್ವಾಸಕೋಶದಲ್ಲಿ ಕಾಣುತ್ತಿದ್ದ ಉರಿಯೂತಕ್ಕೆ ಬಹುಕಾಲ ಒಂದು ವೈರಸ್ ಕಾರಣವೆಂದು ನಂಬಲಾಗಿತ್ತು. ಅದೂ ಕ್ಯಾರಿನೈಯ ಕೆಲಸವೆಂದು ತಿಳಿದದ್ದು 2011ರ ಸುಮಾರಿಗೆ.

ತಪಾಸಣೆಯಲ್ಲಿ ಹಲವರು ಎಡವುತ್ತಾರೆ. ಇತರ ಪಂಜರಗಳಲ್ಲಿ ಬಳಸಿದ ಹಾಸಿನ ಮೇಲೆ, ಸೋಂಕು ಪತ್ತೆಹಚ್ಚಲೆಂದೇ ಇಡುವ ಕಾವಲು ಇಲಿಗಳನ್ನು ಬೆಳೆಸುವ ರೂಢಿಯ ವಿಧಾನವನ್ನು ಗಾಳಿಯಲ್ಲಿ ಹರಡುವ ಈ ಸೋಂಕಿನ ವಿಷಯದಲ್ಲಿ ನೆಚ್ಚಿಕೊಳ್ಳಲಾಗದು. ಶಿಲೀಂಧ್ರವನ್ನು ಸಾಮಾನ್ಯ ಮಾಧ್ಯಮಗಳಲ್ಲಿ ಬೆಳೆಸಲೂ ಆಗದ ಕಾರಣ ಶ್ವಾಸಕೋಶದ ಮಾದರಿಯಲ್ಲಿ ಶಿಲೀಂಧ್ರದ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯೇ ನಂಬಿಕೆಗೆ ಅರ್ಹ. ಅಂಗಾಂಶದಲ್ಲಿ ಸಿಸ್ಟ್‌ಗಳನ್ನು ನೋಡಲು ಬೆಳ್ಳಿಯ ವರ್ಣಲೇಪ ಬಳಸಬಹುದು.

ಟ್ರೈಮೆಥೊಪ್ರಿಮ್ ಮತ್ತು ಸಲ್ಫಾಮೆಥೊಕ್ಸಜೋಲ್ ಎಂಬ ಔಷಧಿಗಳನ್ನು ಬೆರೆಸಿದ ನೀರು ರೋಗವನ್ನು ಹತ್ತಿಕ್ಕುತ್ತದೆಯೇ ಹೊರತು ಬೇರುಸಹಿತ ಕೀಳುತ್ತದೆಂದು ಭರವಸೆಯಿಡುವಂತಿಲ್ಲ. ಔಷಧಿಯು ಪ್ರಯೋಗದ ಫಲಿತಾಂಶವನ್ನೂ ಬಾಧಿಸಬಹುದು. ಅಮೂಲ್ಯ ತಳಿಯಾದರೆ ತೊಳೆದ ಭ್ರೂಣಗಳನ್ನು ಸೋಂಕಿಲ್ಲದ ತಾಯಿಯ ಗರ್ಭಕ್ಕೆ ವರ್ಗಾಯಿಸಿ, ಹುಟ್ಟಿದ ಮರಿಗಳನ್ನು ಪರೀಕ್ಷಿಸಿದ ಬಳಿಕವೇ ಹೊಸ ಸಂತತಿಯನ್ನು ಆರಂಭಿಸಬೇಕು.