ಗಾಳಿಯ ಗತಿ ನೋಡಿ ನಡೆದ ಬೇಟೆ: ಫ್ಲ್ಯಾಟ್ ಟಾಪ್ಸ್ ಬೆಟ್ಟದಲ್ಲಿ ಬಿಲ್ಲು ಮತ್ತು ಎಲ್ಕ್

ಬಿಲ್ಲು ಹಿಡಿದು ಎಲ್ಕ್ ಬೇಟೆಗೆ ಹೊರಡುವವರು ಗಾಳಿಯ ಗತಿಯನ್ನು ಅರಿಯಬೇಕು, ಉಳಿದದ್ದೆಲ್ಲ ಆಮೇಲೆ. ಎಲ್ಕ್ ನಮ್ಮ ಕಡವೆಯ ಬಳಗದ್ದೇ ಪ್ರಾಣಿ. ಬೆಳೆದ ಗಂಡು 300 ಕಿಲೋ ತೂಗುತ್ತದೆ. ಕಾಲಡಿಯ ಕಡ್ಡಿ ಮುರಿದ ಸದ್ದಾದರೆ ಅದು ಕಿವಿ ತಿರುಗಿಸಿ ಮತ್ತೆ ಮೇವಿಗೆ ಬಾಯಿ ಹಾಕಬಹುದು. ಮನುಷ್ಯನ ವಾಸನೆ ಮೂಗಿಗೆ ತಾಕಿತೆಂದರೆ ಮಾತ್ರ ಕಣಿವೆಯನ್ನೇ ಬಿಟ್ಟು ಹೋಗುತ್ತದೆ. ಬಂದೂಕಿನವರು 200 ಮೀಟರ್ ದೂರದಿಂದಲೂ ಗುರಿಯಿಡುತ್ತಾರೆ. ನನಗೆ ಬೇಕಿದ್ದದ್ದು 30 ಮೀಟರಿನೊಳಗಿನ ಅಂತರ.

ನಾನು ಮಲೆನಾಡಿನವನು, ಈಗ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರಿನಲ್ಲಿ ನೆಲೆಸಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತುಹೋಯಿತು, ಅದು ನ್ಯಾಯವೇ. ಕೊಲೊರಾಡೊದ ಕಥೆ ಬೇರೆ. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಎಲ್ಕ್ ಬಹುತೇಕ ಮುಗಿದೇಹೋಗಿತ್ತು. ವಯೋಮಿಂಗ್ ರಾಜ್ಯದಿಂದ ತಂದು ಬಿಟ್ಟು ಮತ್ತೆ ಬೆಳೆಸಿದರು. ಇಂದು 2.5 ಲಕ್ಷಕ್ಕೂ ಹೆಚ್ಚಿವೆ. ಅವುಗಳ ನಿರ್ವಹಣೆಗೆ ಹಣ ಬರುವುದು ಬಹುಪಾಲು ಬೇಟೆಯ ಪರವಾನಗಿಯಿಂದ, ಮತ್ತು ಬಂದೂಕು, ಬಿಲ್ಲು, ಬಾಣಗಳ ಮೇಲಿನ ಕೇಂದ್ರ ತೆರಿಗೆಯಿಂದ. ಇದನ್ನು ತಿಳಿದ ಮೇಲೆಯೇ ನಾನು ಬೇಟೆಗಾರರ ತರಬೇತಿಗೆ ಸೇರಿ ಪ್ರಮಾಣಪತ್ರ ಪಡೆದದ್ದು. ಆ ಪತ್ರವಿಲ್ಲದೆ ಪರವಾನಗಿ ಸಿಗುವುದಿಲ್ಲ. ರಾಜ್ಯದ ನಿವಾಸಿಯಾದ್ದರಿಂದ ನನಗೆ ಬಿಲ್ಲಿನ ಪರವಾನಗಿ ನೇರವಾಗಿ ದೊರೆಯಿತು. ಹೊರರಾಜ್ಯದವರು ಕೊಲೊರಾಡೊದ ಪಶ್ಚಿಮ ಭಾಗಕ್ಕೆ 2025ರಿಂದ ಲಾಟರಿಯಲ್ಲಿ ಹೆಸರು ಬರುವುದನ್ನು ಕಾಯಬೇಕು. ಬಿಲ್ಲಿನ ಋತು ಸೆಪ್ಟೆಂಬರ್ 2ರಿಂದ 30ರವರೆಗೆ.

ನಾನು ಆರಿಸಿಕೊಂಡದ್ದು ವೈಟ್ ರಿವರ್ ರಾಷ್ಟ್ರೀಯ ಅರಣ್ಯದ ಫ್ಲ್ಯಾಟ್ ಟಾಪ್ಸ್ ಪ್ರದೇಶವನ್ನು. 1919ರಲ್ಲಿ ಆರ್ಥರ್ ಕಾರ್‌ಹಾರ್ಟ್ ಎಂಬ ಅರಣ್ಯ ಇಲಾಖೆಯ ವಿನ್ಯಾಸಕಾರನನ್ನು ಇಲ್ಲಿನ ಟ್ರ್ಯಾಪರ್ಸ್ ಸರೋವರದ ದಂಡೆಯಲ್ಲಿ ಬೇಸಿಗೆ ಮನೆಗಳಿಗೆ ನಿವೇಶನ ಗುರುತಿಸಲು ಕಳಿಸಿದ್ದರು. ಅವನು ಸರೋವರವನ್ನು ಇದ್ದ ಹಾಗೆಯೇ ಬಿಡಬೇಕೆಂದು ವರದಿ ಕೊಟ್ಟ. ಆ ಮನುಷ್ಯನಿಗೆ ನಾನು ಋಣಿ. 1975ರಲ್ಲಿ ಈ ಭಾಗ ಕಾನೂನಿನ ಪ್ರಕಾರ ಮೀಸಲು ಕಾಡಾಯಿತು. ಮೋಟಾರು ಹೋಗಲಿ, ಕೈಗಾಡಿಯ ಚಕ್ರ ಕೂಡ ಒಳಗೆ ಉರುಳುವಂತಿಲ್ಲ. ಯಾವ ಜಮೀನ್ದಾರನ ಅಪ್ಪಣೆಯೂ ಬೇಡ, ನಡೆಯುವ ಕಾಲಿದ್ದರೆ ಸಾಕು. ದಾರಿಯಿಂದ ಒಳಗೆ ಹೋದಷ್ಟೂ ಜನ ಕಡಿಮೆ, ಎಲ್ಕ್ ಹೆಚ್ಚು. ಆದರೆ ಒಳಗೆ ಹೊಡೆದದ್ದನ್ನೆಲ್ಲ ಬೆನ್ನ ಮೇಲೆಯೇ ಹೊತ್ತು ತರಬೇಕು. ಅದಕ್ಕಾಗಿ ಬೇಸಿಗೆಯುದ್ದಕ್ಕೂ ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ಗುಡ್ಡ ಹತ್ತಿದೆ, ದಿನವೂ ಬಾಣ ಬಿಟ್ಟೆ. ಕಾನೂನು ಕೇಳುವುದು ಕನಿಷ್ಠ 35 ಪೌಂಡ್ ಎಳೆತದ ಬಿಲ್ಲು. ತುದಿಗಳಲ್ಲಿ ರಾಟೆಗಳಿರುವ ನನ್ನ ಕಾಂಪೌಂಡ್ ಬಿಲ್ಲಿನದು 60.

ಈಗ ಗಾಳಿಯ ಮಾತು. ಬೆಟ್ಟದಲ್ಲಿ ಸೂರ್ಯ ಹುಟ್ಟುವ ಮುನ್ನ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಗುಂಟ ಕೆಳಗೆ ಹರಿಯುತ್ತದೆ. ಆಗ ಬೇಟೆಗಾರ ಎಲ್ಕಿಗಿಂತ ಕೆಳಗಿರಬೇಕು. ಬಿಸಿಲೇರಿ ನೆಲ ಕಾದ ಮೇಲೆ ಅದೇ ಗಾಳಿ ಮೇಲಕ್ಕೆ ಏರತೊಡಗುತ್ತದೆ. ಆಗ ನಾವು ಮೇಲಿರಬೇಕು. ಎರಡರ ನಡುವೆ ಸುಮಾರು ಒಂದು ಗಂಟೆ ಗಾಳಿಗೆ ದಿಕ್ಕೇ ಇರುವುದಿಲ್ಲ, ಸುಳಿಸುಳಿಯಾಗಿ ಸುತ್ತುತ್ತದೆ. ಆ ಹೊತ್ತಿನಲ್ಲಿ ಎಲ್ಲಿದ್ದೇವೋ ಅಲ್ಲೇ ಕೂರುವುದು ಜಾಣತನ. ಸಂಜೆ ನೆರಳು ಬಿದ್ದೊಡನೆ ಮತ್ತೆ ಇಳಿಗಾಳಿ. ಸಣ್ಣ ಡಬ್ಬಿಯಲ್ಲಿ ಟಾಲ್ಕಂ ಪುಡಿ ತುಂಬಿಕೊಂಡು ಹತ್ತು ಹೆಜ್ಜೆಗೊಮ್ಮೆ ಒತ್ತಿ ನೋಡುತ್ತಿದ್ದೆ. ಕೆನ್ನೆಗೆ ತಿಳಿಯದ ಗಾಳಿ ಆ ಪುಡಿಗೆ ತಿಳಿಯುತ್ತದೆ.

ಜೊತೆಗಿದ್ದವನು ತೀರ್ಥಹಳ್ಳಿ ಕಡೆಯ ಕಿರಿಯ ಗೆಳೆಯ; ಹೆಣ್ಣು ಎಲ್ಕಿನ ಕೂಗನ್ನು ಬಾಯಲ್ಲಿಟ್ಟ ಪುಟ್ಟ ಪೊರೆಯ ಪೀಪಿಯಿಂದ ಚೆನ್ನಾಗಿ ಹೊರಡಿಸುತ್ತಾನೆ. ಸೆಪ್ಟೆಂಬರ್ ಮಧ್ಯ ದಾಟಿತ್ತು, ಬೆದೆಯ ಕಾಲ. ಬೆಳಕು ಹರಿಯುವಾಗ ಕೆಳಗಿನ ಹುಲ್ಲುಗಾವಲಿನಲ್ಲಿ ಒಂದು ಗಂಡು ಕೂಗಿತು: ಕೊಳಲನ್ನು ಮೇಲಿನ ಷಡ್ಜಕ್ಕೆ ಏರಿಸಿದಂಥ ದನಿ, ಕೊನೆಯಲ್ಲಿ ಗೊರಗೊರ. ಹಿಂಡು ಹಗಲಿನ ವಿಶ್ರಾಂತಿಗೆ ಸ್ಪ್ರೂಸ್ ಮರಗಳ ಕತ್ತಲೆಯತ್ತ ಹೊರಟಿತ್ತು. ಹಿಂದೆಯೇ ಹೋಗಲು ನನ್ನ ಕಾಲು ತುಡಿಯುತ್ತಿತ್ತು. “ಅಣ್ಣ, ಈಗ ಬೇಡ, ಗಾಳಿ ತಿರುಗುವ ಹೊತ್ತು” ಎಂದು ಅವನು ಪುಡಿ ಹಾರಿಸಿ ತೋರಿಸಿದ. ಕುಳಿತೆವು. ಪುಡಿ ನೇರ ಮೇಲಕ್ಕೆ ಏರಲು ಶುರುವಾದ ಮೇಲೆ ದೊಡ್ಡ ಸುತ್ತು ಹಾಕಿ, ಏಣು ಹತ್ತಿ, ಅವು ಮಲಗಿದ್ದ ಜಾಗಕ್ಕಿಂತ ಮೇಲೆ ಬಂದೆವು. ಒದ್ದೆ ಹಿಕ್ಕೆ ಇತ್ತು, ಗಂಡು ಕೊಂಬು ತಿಕ್ಕಿ ಸಿಪ್ಪೆ ಸುಲಿದ ಎಳೆಮರದಿಂದ ಇನ್ನೂ ಅಂಟು ಸೋರುತ್ತಿತ್ತು.

ಕೂಗಿ ಕರೆದಾಗ ಗಂಡು ನೇರ ಬರುವುದಿಲ್ಲ. ಕರೆದವರ ವಾಸನೆ ಸಿಗುವ ಬದಿಗೆ ಬಳಸಿ ಬರುತ್ತದೆ. ಗಾಳಿ ಏರುತ್ತಿದೆ ಎಂದರೆ ಅದು ಮೇಲ್ಬದಿಯಿಂದ ಬಳಸುತ್ತದೆ. ಹಾಗಾಗಿ ಗೆಳೆಯನನ್ನು ಸುಮಾರು 50 ಮೀಟರ್ ಹಿಂದೆ, ಇಳಿಜಾರಿನಲ್ಲಿ ಕೂರಿಸಿ, ನಾನು ಮುಂದೆ, ಅದು ಹಾಯಬಹುದಾದ ದಾರಿಗಿಂತ ಸ್ವಲ್ಪ ಮೇಲೆ ಮಂಡಿಯೂರಿದೆ. ಅವನು ಎರಡು ಸಲ ಮೆಲ್ಲಗೆ ಕೂಗಿದ. ಉತ್ತರ ಎಷ್ಟು ಹತ್ತಿರದಿಂದ ಬಂತೆಂದರೆ ಎದೆಯೊಳಗೆ ಕಂಪಿಸಿತು. ಆಮೇಲೆ ಒಣಕೊಂಬೆಗೆ ಕೊಂಬು ತಾಗುವ ಟಕ್ ಟಕ್ ಸದ್ದು. ಇಲ್ಲಿನ ಬಹುತೇಕ ವಲಯಗಳಲ್ಲಿ ಗಂಡಿನ ಕೊಂಬಿಗೆ ಒಂದು ಬದಿಯಲ್ಲಾದರೂ 4 ಕವಲಿರಬೇಕು, ಇಲ್ಲವೇ ಹಣೆಯ ಬಳಿಯ ಕವಲು 5 ಇಂಚು ಇರಬೇಕು. ಎಣಿಸಿದೆ: ಐದು. ಅದರ ತಲೆ ಒಂದು ದಪ್ಪ ಮರದ ಹಿಂದೆ ಮರೆಯಾದಾಗ ಹೆದೆ ಎಳೆದೆ. ಹೊರಬಂದು 25 ಮೀಟರ್ ಕೆಳಗೆ ನಿಂತಿತು, ಪಕ್ಕೆ ನನ್ನ ಕಡೆಗೆ. ಮುಂಗಾಲಿನ ಹಿಂದಿನ ಮಡಿಕೆಗೆ ಗುರಿಯಿಟ್ಟು ಬಿಟ್ಟೆ.

ಬಾಣ ಹಾಯ್ದು ಆಚೆಗೆ ಹೋಯಿತು. ಆದರೂ ಅರ್ಧ ಗಂಟೆ ಕದಲಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಓಡಿ ನರಳುತ್ತದೆ. ಬಾಣದ ಮೇಲಿನ ರಕ್ತ ತಿಳಿಗೆಂಪಾಗಿತ್ತು, ಸಣ್ಣ ಗುಳ್ಳೆಗಳಿದ್ದವು. ಶ್ವಾಸಕೋಶದ ರಕ್ತ ಹೀಗಿರುತ್ತದೆ. ನೂರು ಮೀಟರಿನ ಆಚೆ, ಬಿದ್ದ ಮರದ ಪಕ್ಕದಲ್ಲಿ ಅದು ಸಿಕ್ಕಿತು. ಕುತ್ತಿಗೆ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕುಳಿತೆ. ಸಂತೋಷವೂ ಇತ್ತು, ದುಃಖವೂ ಇತ್ತು; ಎರಡನ್ನೂ ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ನಿಜವಾದ ದುಡಿಮೆ ಅಲ್ಲಿಂದ. ಎಲ್ಕಿನ ದಪ್ಪ ಚರ್ಮ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೆಪ್ಟೆಂಬರ್ ಬಿಸಿಲಿಗೆ ತೊಡೆಯ ಮೂಳೆಯ ಸುತ್ತಲೇ ಮಾಂಸ ಹುಳಿಯಲು ತೊಡಗುತ್ತದೆ. ಹೊಟ್ಟೆ ಸೀಳದೆ, ಬೆನ್ನಿನ ಗುಂಟ ಚರ್ಮ ಬಿಡಿಸಿ, ಒಂದು ಮಗ್ಗುಲಿನ ಕಾಲುಗಳನ್ನು ಕೀಲಿನಲ್ಲಿ ಬೇರ್ಪಡಿಸಿ, ಬೆನ್ನಿನ ಉದ್ದ ಮಾಂಸ ತೆಗೆದು, ಮಗ್ಗುಲು ಹೊರಳಿಸಿ ಮತ್ತೆ ಅದನ್ನೇ ಮಾಡಿದೆವು. ತಿನ್ನಬಹುದಾದ ಮಾಂಸ ಬಿಟ್ಟು ಬರುವುದು ಇಲ್ಲಿ ಅಪರಾಧ. ಗಂಡೆಂದು ತೋರಿಸುವ ಗುರುತನ್ನು ಒಂದು ತೊಡೆಗೆ ಅಂಟಿಕೊಂಡಂತೆಯೇ ಉಳಿಸಿ, ಪರವಾನಗಿಯ ಚೀಟಿ ಕಟ್ಟಿದೆವು. ಹತ್ತಿಯ ಚೀಲಗಳಲ್ಲಿ ಎಲ್ಲವನ್ನೂ ನೆರಳಿನ ಕೊಂಬೆಗೆ ತೂಗುಹಾಕಿ ಹೊರಲು ಶುರುಮಾಡಿದೆವು. ಒಂದು ಹಿಂಗಾಲೇ 30 ಕಿಲೋ ಇರಬಹುದು. ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸಿಕೊಂಡವರೇ ಇಳಿಜಾರಿನಲ್ಲಿ ಉಳಿಯುತ್ತಾರೆ.

ತಲೆಯನ್ನು ಪ್ರಿಯಾನ್ ರೋಗದ ಪರೀಕ್ಷೆಗೆ ಕೊಟ್ಟೆವು. ಜಿಂಕೆ, ಎಲ್ಕುಗಳ ಮಿದುಳನ್ನು ತಿನ್ನುವ ಆ ಕಾಯಿಲೆಗೆ ಮದ್ದಿಲ್ಲ. ರೋಗವಿಲ್ಲವೆಂದು ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲೇ ಇತ್ತು. ಬಂದ ಮೇಲೆ ಅರ್ಧ ಗೆಳೆಯನ ಮನೆಗೆ, ಅರ್ಧ ನಮಗೆ. ಎಲ್ಕ್ ಮಾಂಸದಲ್ಲಿ ಕೊಬ್ಬು ತೀರ ಕಡಿಮೆ. ಬೆನ್ನಿನ ಮಾಂಸಕ್ಕೆ ಕಾಳುಮೆಣಸು, ಉಪ್ಪು, ತುಪ್ಪ ಹಚ್ಚಿ ಕಾದ ಕಾವಲಿಯಲ್ಲಿ ಸ್ವಲ್ಪವೇ ಹೊತ್ತು ಹುರಿಯಬೇಕು, ಹೆಚ್ಚಾದರೆ ಗಟ್ಟಿಯಾಗುತ್ತದೆ. ಮುಂಗಾಲಿನದು ಮಾತ್ರ ಸಾರಿಗೆ: ಸಣ್ಣ ಉರಿಯಲ್ಲಿ ಮೂರು ಗಂಟೆ.