ಹಳೇ ಪಿಕಪ್‌ನ ಡೀಸೆಲ್ ಮುಳ್ಳು ತಪ್ಪು ತೋರಿಸಿದರೆ

ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಪಿಕಪ್ ಆದರೆ ಮೊದಲು ಮೀಟರ್‌ಗೆ ಕೈ ಹಾಕಬೇಡಿ, ಟ್ಯಾಂಕಿನ ಅರ್ತ್ (ಚಾಸಿಗೆ ಸೇರುವ ನೆಗೆಟಿವ್ ವೈರ್) ನೋಡಿ. ಕ್ರೇಟುಗಳಿಂದ ಸೋರುವ ಉಪ್ಪುನೀರು ಅದನ್ನು ಚಾಸಿಗೆ ಬಿಗಿದ ಬೋಲ್ಟಿಗೆ ತುಕ್ಕು ಹಿಡಿಸುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಫ್ಲೋಟ್ ಯೂನಿಟ್ಟಿನ (ಟ್ಯಾಂಕಿನೊಳಗೆ ತೇಲುವ ಬುರುಡೆಯಿಂದ ಡೀಸೆಲ್ ಮಟ್ಟ ಅಳೆಯುವ ಭಾಗ) ಅರ್ತ್‌ಗೂ ಚಾಸಿಗೂ ನಡುವೆ ಅಳೆಯಿರಿ. 1 ಓಮ್‌ಗಿಂತ ಹೆಚ್ಚಿದ್ದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವಷ್ಟು ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಎಷ್ಟೋ ಗಾಡಿಗಳು ಇಲ್ಲಿಗೇ ಸರಿಯಾಗುತ್ತವೆ.

ಆಗಲಿಲ್ಲವೇ? ಬ್ಯಾಟರಿ ಮತ್ತೆ ಜೋಡಿಸಿ, ಕೀ ಆನ್ ಮಾಡಿ, ಟ್ಯಾಂಕಿನ ಬಾಯಿಂದ ದೂರದಲ್ಲಿ ಫ್ಲೋಟ್‌ನ ಸಿಗ್ನಲ್ ವೈರನ್ನು (ಮೀಟರ್‌ಗೆ ಹೋಗುವುದು) ಕಳಚಿ ಎರಡೇ ಸೆಕೆಂಡ್ ಚಾಸಿಗೆ ಮುಟ್ಟಿಸಿ. ಮುಳ್ಳು ಒಂದು ತುದಿಯಿಂದ ಇನ್ನೊಂದಕ್ಕೆ ಓಡಿದರೆ ತೊಂದರೆ ಫ್ಲೋಟ್ ಯೂನಿಟ್ಟಿನದು. ಕದಲದಿದ್ದರೆ ಫ್ಯೂಸ್, ವೈರ್ ಇಲ್ಲವೇ ಮೀಟರ್. ಟೆಂಪರೇಚರ್ ಮುಳ್ಳೂ ತಪ್ಪುತ್ತಿದ್ದರೆ ಮೀಟರ್ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ ನೋಡಿ.

ಯೂನಿಟ್ ತೆಗೆಯುವುದು ಟ್ಯಾಂಕ್ ಕಾಲುಭಾಗಕ್ಕಿಂತ ಕಡಿಮೆ ಇರುವಾಗ, ಬಯಲಲ್ಲಿ, ಬ್ಯಾಟರಿ ಕಳಚಿಯೇ. ಯೂನಿಟ್ಟಿಗೆ ಮಲ್ಟಿಮೀಟರ್ ಹಿಡಿದು ಫ್ಲೋಟಿನ ತೋಳನ್ನು ನಿಧಾನ ಎತ್ತಿದರೆ ಓಮ್ ಒಂದೇ ಸಮ ಬದಲಾಗಬೇಕು. ನಡುವೆ ಜಿಗಿದರೆ ಒಳಗಿನ ರೆಸಿಸ್ಟರ್ ಪಟ್ಟಿ ಸವೆದಿದೆ. ಫ್ಲೋಟ್ ಅಲುಗಿಸಿದಾಗ ಒಳಗೆ ಡೀಸೆಲ್ ಕುಲುಕಿದರೆ ತೂತಾಗಿದೆ, ಅದು ಮುಳುಗುವುದರಿಂದಲೇ ಮುಳ್ಳು ಸದಾ ಕಡಿಮೆ ತೋರಿಸುತ್ತದೆ. ಅದೇ ಮಾಡೆಲ್‌ನ ಯೂನಿಟ್ಟನ್ನೇ ಕೊಳ್ಳಿ: ಓಮ್ ಹೊಂದದ ಯೂನಿಟ್ ಹಾಕಿದರೆ ಮುಳ್ಳು ಮತ್ತೆ ತಪ್ಪುತ್ತದೆ. ಗ್ಯಾಸ್ಕೆಟ್ ಹೊಸದೇ ಇರಲಿ, ಮಳೆಗಾಲದಲ್ಲಿ ಹಳತರ ಮೂಲಕ ನೀರು ಟ್ಯಾಂಕಿಗೆ ಇಳಿಯುತ್ತದೆ.