ಡಿಫರೆನ್ಷಿಯಲ್ ಲಾಕ್ (ಡಿಫ್ ಲಾಕ್) ಏನು ಅಂತ ನನಗೆ ಅರ್ಥವಾಗಿದ್ದು ಅಪ್ಪನ ಟ್ರ್ಯಾಕ್ಟರಿನಿಂದ

2021ರ ನವೆಂಬರ್ ಮಳೆಯನ್ನು ಕೋಲಾರ ಜಿಲ್ಲೆಯವರು ಯಾರೂ ಮರೆತಿರಲಾರರು. ವರ್ಷಗಟ್ಟಲೆ ಬಿರುಕು ಬಿಟ್ಟು ಒಣಗಿದ್ದ ಕೆರೆಗಳು ಒಂದಾದ ಮೇಲೊಂದು ಕೋಡಿ ಹರಿದವು. ಶ್ರೀನಿವಾಸಪುರದ ಕಡೆ ನಮ್ಮೂರ ಕೆರೆಯೂ ತುಂಬಿತು. ಕೆರೆ ಕೆಳಗೇ ನಮ್ಮ ಟೊಮೇಟೊ ತೋಟ. ನೀರು ಒಳಗೆ ನುಗ್ಗುತ್ತಿದೆ ಅಂತ ಬೆಳಗಿನ ಜಾವ ಫೋನ್ ಬಂತು. ಬೆಳೆ ಉಳಿಯುವ ಆಸೆ ಇರಲಿಲ್ಲ. ಸ್ಟಾರ್ಟರ್ ಪೆಟ್ಟಿಗೆ, ಡ್ರಿಪ್ ಪೈಪಿನ ಸುರುಳಿ, ಎರಡು ಮೂಟೆ ಗೊಬ್ಬರ, ಅಷ್ಟನ್ನಾದರೂ ತರೋಣ ಅಂತ ನಮ್ಮ ಹಳೇ ಎಂಎಂ 540 ಜೀಪು ತೆಗೆದುಕೊಂಡು ಹೊರಟೆ.

ದಾರಿಯಲ್ಲಿ ನೀರು ಒಂದು ಕೊರಕಲು ತೋಡಿತ್ತು. ದಾರಿಗೆ ಓರೆಯಾಗಿ ಹೋಗಿತ್ತು, ಅದೇ ತೊಂದರೆ ಆಗಿದ್ದು. ಫೋರ್ ವೀಲ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಸೇರಿಸುವ ನಿಧಾನದ ಗೇರು, ಹಾಕಿ ಇಳಿಸಿದೆ. ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರದ ಕೆಳಗೆ ನೆಲವೇ ಇಲ್ಲದಂತಾಗಿ ಜೀಪು ಅಲ್ಲೇ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಆ ಎರಡು ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತಿವೆ, ಗಟ್ಟಿ ಕೆಮ್ಮಣ್ಣಿನ ಮೇಲೆ ಕೂತಿದ್ದ ಇನ್ನೆರಡು ಕದಲುತ್ತಲೇ ಇಲ್ಲ. ಫೋರ್ ವೀಲ್ ಡ್ರೈವ್ ಅಂದಮೇಲೆ ನಾಲ್ಕೂ ಚಕ್ರ ಎಳೆಯಬೇಕು ಅಲ್ವಾ? ಇಷ್ಟು ವರ್ಷ ನಾನು ಹಾಗೇ ಅಂದುಕೊಂಡಿದ್ದೆ.

ಅಪ್ಪ ಟ್ರ್ಯಾಕ್ಟರ್ ತಂದರು. ಬರುವಾಗ ಗೋಡುಮಣ್ಣಿನ ಜಾಗದಲ್ಲಿ ಟ್ರ್ಯಾಕ್ಟರಿನ ಬಲಗಡೆ ದೊಡ್ಡ ಚಕ್ರವೂ ನಿಂತಲ್ಲೇ ಜಾರತೊಡಗಿತು. ಅಪ್ಪ ಗಾಬರಿಯಾಗಲಿಲ್ಲ. ಕ್ಲಚ್ ಒತ್ತಿ ಚಕ್ರ ನಿಲ್ಲಲು ಬಿಟ್ಟರು. ಬಲಗಾಲಿನ ಹಿಮ್ಮಡಿಯಿಂದ ಒಂದು ಪುಟ್ಟ ಪೆಡಲ್ ಒತ್ತಿ ಹಿಡಿದರು. ಆಮೇಲೆ ಮೆಲ್ಲಗೆ ಕ್ಲಚ್ ಬಿಟ್ಟರು. ಎರಡೂ ಚಕ್ರ ಒಂದೇ ಸಮ ತಿರುಗಿ ಟ್ರ್ಯಾಕ್ಟರ್ ಕೆಸರಿಂದ ಎದ್ದು ಬಂತು. ಆ ಪೆಡಲ್ ಅನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದು ಡಿಫರೆನ್ಷಿಯಲ್ ಲಾಕ್ ಅಂತಲೂ ಗೊತ್ತಿತ್ತು. ನನ್ನ ಜೀಪಿನಲ್ಲಿ ಇಲ್ಲದ್ದು ಅದೇ ಅಂತ ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಸಂಜೆ ಕೇಳಿದಾಗ ಅಪ್ಪ ಎತ್ತಿನ ಲೆಕ್ಕದಲ್ಲಿ ಹೇಳಿದರು. "ನೊಗಾನ ಮೂಕಿಗೆ ಮಧ್ಯದಲ್ಲಿ ಕಟ್ತೀವಿ ಅಲ್ವೇನೋ? ಒಂದು ಎತ್ತು ಮಲಗಿಬಿಟ್ರೆ ಇನ್ನೊಂದು ಎಷ್ಟೇ ಜೋರಾಗಿ ಎಳೆದ್ರೂ ನೊಗ ಓರೆಯಾಗುತ್ತೆ, ಗಾಡಿ ಬರಲ್ಲ. ಲಾಕ್ ಅಂದ್ರೆ ನೊಗ ಅಲ್ಲಾಡದ ಹಾಗೆ ಮೂಕಿಗೆ ಬಿಗಿದ ಹಾಗೆ."

ಇದಕ್ಕಿಂತ ಸರಿಯಾದ ವಿವರಣೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಎಂಜಿನ್ನಿನ ಎಳೆತವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಅದು ಇರುವುದೇ ತಿರುವಿಗಾಗಿ. ಗಾಡಿ ತಿರುಗುವಾಗ ಒಳಗಿನ ಎತ್ತು ಹೆಚ್ಚುಕಡಿಮೆ ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನದು ಸುತ್ತು ಹೊಡೆಯಬೇಕು. ಚಕ್ರವೂ ಹಾಗೇ. ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಟಾರು ರಸ್ತೆಯಲ್ಲಿ ಪ್ರತಿ ತಿರುವಿಗೂ ಒಂದು ಟೈರ್ ಉಜ್ಜಿಕೊಂಡು ಹೋಗುತ್ತದೆ, ಆಕ್ಸಲ್ ಮೇಲೆ ಭಾರ ಬೀಳುತ್ತದೆ.

ಕಣ್ಣಾರೆ ನೋಡಬೇಕು ಅನ್ನಿಸಿತು. ಮನೆ ಹತ್ತಿರದ ಶೆಡ್ಡಿನಲ್ಲಿ ಜೀಪಿನ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಇಟ್ಟೆ. ಬರೀ ಜಾಕಿನ ಮೇಲೆ ಈ ಕೆಲಸ ಮಾಡಲೇಬೇಡಿ. ಎಂಜಿನ್ ಆಫ್, ಟೂ ವೀಲ್ ಡ್ರೈವ್, ಗೇರಿನಲ್ಲಿ ಬಿಟ್ಟಿದ್ದೆ. ಎಡ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದರೆ ಬಲ ಚಕ್ರ ಹಿಂದಕ್ಕೆ ತಿರುಗುತ್ತದೆ! ಗೇರ್ ಬಾಕ್ಸ್ ಕಡೆಯಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಅಲ್ಲಾಡುವುದಿಲ್ಲ. ಆಕ್ಸಲ್ ಮಧ್ಯದ ಉಬ್ಬಿದ ಪೆಟ್ಟಿಗೆಯೇ ಹೌಸಿಂಗ್, ಅದರೊಳಗೆ ಆ ಶಾಫ್ಟ್ ತಿರುಗಿಸುವ ದೊಡ್ಡ ಗೇರಿಗೆ, ಅಂದರೆ ಕ್ರೌನ್ ವೀಲಿಗೆ, ಒಂದು ಗೂಡು ಅಂಟಿಕೊಂಡಿದೆ, ಅದರೊಳಗೆ ಸ್ಟಾರ್ ಗೇರುಗಳು, ಅವುಗಳ ಎರಡು ಪಕ್ಕಕ್ಕೆ ಒಂದೊಂದು ಸನ್ ಗೇರ್, ಆ ಸನ್ ಗೇರಿಗೆ ಆಕ್ಸಲ್ ಶಾಫ್ಟ್. ಗೂಡು 100 ಸುತ್ತು ತಿರುಗಿದಾಗ ಒಂದು ಚಕ್ರ ನಿಂತಿದ್ದರೆ ಇನ್ನೊಂದು 200 ಸುತ್ತು ತಿರುಗುತ್ತದೆ. ಎರಡರ ಸರಾಸರಿ ಯಾವಾಗಲೂ 100.

ಇಲ್ಲಿ ತುಂಬಾ ಜನ ಒಂದು ತಪ್ಪು ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಜಾರುವ ಚಕ್ರಕ್ಕೇ ಎಲ್ಲಾ ಶಕ್ತಿ ಹೋಗುತ್ತದೆ ಅಂತ. ವೇಗ ಹೋಗುತ್ತದೆ, ನಿಜ. ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಎರಡಕ್ಕೂ ಸಮನಾಗಿಯೇ ಹಂಚಿಕೆಯಾಗುತ್ತದೆ. ಕೆಸರಿನಲ್ಲಿರುವ ಚಕ್ರ 100 ಪಾಲು ಮಾತ್ರ ತಡೆದುಕೊಳ್ಳಬಲ್ಲದು ಅಂದುಕೊಳ್ಳಿ. ಗಟ್ಟಿ ನೆಲದ ಚಕ್ರ 1500 ಪಾಲು ಎಳೆಯಬಲ್ಲದಾದರೂ ಅದಕ್ಕೂ ಸಿಗುವುದು ಅದೇ 100. ಒಟ್ಟು 200ರಲ್ಲಿ ಗಾಡಿ ಕದಲುವುದಿಲ್ಲ. ಗಾಳಿಯಲ್ಲಿದ್ದರೆ ತಡೆಯೇ ಇಲ್ಲ, ಆಗ ಎರಡಕ್ಕೂ ಸೊನ್ನೆ. ಮಲಗಿದ ಎತ್ತು ಅದೇ. ಇನ್ನು ಫೋರ್ ವೀಲ್ ಲಿವರ್ ಹಾಕಿದಾಗ ಆಗುವುದೇನು? ನನ್ನ ಜೀಪಿನಂಥ ಗಾಡಿಯಲ್ಲಿ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಒಂದಕ್ಕೊಂದು ಸೇರುತ್ತವೆ, ಅಷ್ಟೇ. ಎಡ ಬಲದ ಮಧ್ಯೆ ಯಾವ ಬಿಗಿಯೂ ಇಲ್ಲ. ಹಾಗಾಗಿ ಮೂಲೆಗೊಂದರಂತೆ ಎರಡು ಚಕ್ರ ಮೇಲೆದ್ದರೆ ಕಥೆ ಮುಗಿಯಿತು. ಲಾಕ್ ಮಾಡಿದರೆ ಆ 1500 ಪಾಲು ಗಟ್ಟಿ ನೆಲದ ಚಕ್ರಕ್ಕೆ ಹೋಗಬಹುದು. ಲಾಕ್ ಹೊಸದಾಗಿ ಶಕ್ತಿ ಏನೂ ಕೊಡುವುದಿಲ್ಲ, ಆದರೆ ಒಂದೇ ಆಕ್ಸಲ್ ಶಾಫ್ಟ್ ಅಷ್ಟೂ ಭಾರ ಹೊರಬೇಕಾಗಿ ಬರುತ್ತದೆ. ಲಾಕ್ ಇರುವ ಗಾಡಿಯಲ್ಲಿ ಧಡಾರ್ ಅಂತ ಕ್ಲಚ್ ಬಿಡಬಾರದು ಅನ್ನುವುದು ಇದಕ್ಕೇ.

ಮುಂದಿನ ವರ್ಷ ಸೆಕೆಂಡ್ ಹ್ಯಾಂಡ್ ಮಹೀಂದ್ರಾ ಥಾರ್ ಜೀಪು ಕೊಂಡೆ. 2015ರಲ್ಲಿ ರೂಪ ಬದಲಾಗಿ ಬಂದ ಮೇಲಿನದು, ಹಿಂದಿನ ಆಕ್ಸಲಿನಲ್ಲಿ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕರ್ ಇದ್ದದ್ದು. ಇದಕ್ಕೆ ಪೆಡಲ್ ಇಲ್ಲ, ಗುಂಡಿ ಇಲ್ಲ, ತಾನೇ ಲಾಕ್ ಆಗುತ್ತದೆ. ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ಮುಟ್ಟಿದಾಗ ಒಳಗಿನ ಪುಟ್ಟ ತೂಕದ ಬಿಲ್ಲೆಗಳು ರಭಸಕ್ಕೆ ಹೊರಗೆ ಚಿಮ್ಮಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಅದರಿಂದ ಒಂದು ಇಳಿಜಾರು ಹಲ್ಲು ಸನ್ ಗೇರನ್ನು ತಳ್ಳಿ ಕ್ಲಚ್ ಪ್ಲೇಟುಗಳನ್ನು ಬಿಗಿಯುತ್ತದೆ. ಗಂಟೆಗೆ ಸುಮಾರು 30 ಕಿಲೋಮೀಟರ್ ದಾಟಿದ ಮೇಲೆ ಲಾಕ್ ಆಗದ ಹಾಗೆ ತಡೆಯೂ ಒಳಗೇ ಇದೆ.

ಓದಲು ಸುಲಭ. ಓಡಿಸಿ ಕಲಿಯಲು ನನಗೆ ಒಂದು ಬೇಸಿಗೆ ಹಿಡಿಯಿತು. ಕೆರೆ ಪಕ್ಕದ ಒಣ ಹಳ್ಳದಲ್ಲಿ ಓರೆಯಾಗಿ ಇಳಿಸಿ, ಚಕ್ರ ಎದ್ದಾಗ ಏನಾಗುತ್ತದೆ ಅಂತ ಮತ್ತೆ ಮತ್ತೆ ನೋಡುತ್ತಿದ್ದೆ. ಮೊದಮೊದಲು ಲಾಕ್ ಆಗುತ್ತಲೇ ಇರಲಿಲ್ಲ. ಯಾಕೆಂದರೆ ಚಕ್ರ ತಿರುಗುವ ಸದ್ದು ಕೇಳಿದ ಕೂಡಲೇ ನಾನು ಕಾಲು ತೆಗೆಯುತ್ತಿದ್ದೆ, ಜೀಪಿನ ಅಭ್ಯಾಸ ಅದು. ಈ ಲಾಕರಿಗೆ ಚಕ್ರ ಸ್ವಲ್ಪ ಹೊತ್ತು ಜಾರಲೇಬೇಕು. ಫೋರ್ ಲೋ, ಫಸ್ಟ್ ಗೇರ್, ಆಕ್ಸಿಲರೇಟರ್ ನಿಧಾನವಾಗಿ ಏರಿಸಿ ಹಾಗೇ ಹಿಡಿದಿಡಬೇಕು. ಹಿಂದಿನಿಂದ ಟಕ್ ಅಂತ ಸದ್ದು ಬರುತ್ತದೆ, ಗಾಡಿ ಒಮ್ಮೆ ನಡುಗಿ ಮುಂದಕ್ಕೆ ಏಳುತ್ತದೆ. ಆಗಲೂ ಕಾಲು ತೆಗೆಯಬಾರದು, ಒತ್ತಲೂ ಬಾರದು. ಕಾಲು ತೆಗೆದರೆ ಬಿಗಿ ಸಡಿಲವಾಗಿ ಲಾಕ್ ಬಿಟ್ಟುಹೋಗುತ್ತದೆ, ಮತ್ತೆ ಮೊದಲಿನಿಂದ. ಜೋರಾಗಿ ಒತ್ತಿ ಚಕ್ರ ಹುಚ್ಚಾಪಟ್ಟೆ ತಿರುಗುವಾಗ ಲಾಕ್ ಬಿದ್ದರೆ ಒಳಗೆ ಸುತ್ತಿಗೆ ಹೊಡೆದ ಹಾಗೆ.

ಇದರ ಇನ್ನೊಂದು ಮುಖವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಮಳೆಗಾಲ ಕಾಲುವೆ ಪಕ್ಕದ ದಾರಿಯಲ್ಲಿ ಬರುತ್ತಿದ್ದೆ. ದಾರಿ ಕಾಲುವೆ ಕಡೆ ವಾಲಿತ್ತು, ಮೇಲೆ ತೆಳ್ಳಗೆ ಕೆಸರು. ಒಂದು ಚಕ್ರ ಜಾರಿತು, ಲಾಕ್ ಬಿತ್ತು, ಎರಡೂ ಹಿಂದಿನ ಚಕ್ರ ಒಟ್ಟಿಗೆ ಜಾರಿದವು. ಗಾಡಿಯ ಹಿಂಭಾಗ ಪೂರ್ತಿ ಕಾಲುವೆ ಕಡೆ ಸರಿಯಿತು. ಒಂದು ಹೊಂಗೆ ಮರ ತಡೆಯಿತು, ಇಲ್ಲದಿದ್ದರೆ ಉರುಳುತ್ತಿತ್ತು. ತಿರುಗಿ ಜಾರುವ ಚಕ್ರಕ್ಕೆ ಮುಂದಕ್ಕೆ ಹಿಡಿತ ಇಲ್ಲದ ಹಾಗೆ ಪಕ್ಕಕ್ಕೂ ಹಿಡಿತ ಇರುವುದಿಲ್ಲ. ಲಾಕ್ ಇಲ್ಲದ ಗಾಡಿಯಲ್ಲಿ ಒಂದು ಚಕ್ರ ಜಾರಿದಾಗ ಇನ್ನೊಂದು ಸುಮ್ನೆ ನಿಂತಿರುತ್ತದೆ, ಆ ನಿಂತ ಚಕ್ರವೇ ಗಾಡಿಯನ್ನು ಪಕ್ಕಕ್ಕೆ ಹೋಗದಂತೆ ಹಿಡಿದಿರುತ್ತದೆ. ಅವತ್ತಿನಿಂದ ವಾಲಿದ ಜಾಗದಲ್ಲಿ ಚಕ್ರ ಜಾರದಷ್ಟು ಹಗುರವಾಗಿ ಓಡಿಸುತ್ತೇನೆ, ಅಥವಾ ಸುತ್ತು ದಾರಿ ಹಿಡಿಯುತ್ತೇನೆ. ಫೋರ್ಸ್ ಕಂಪನಿಯ ಗೂರ್ಖಾ ಗಾಡಿಯಲ್ಲಿ ಇರುವಂತೆ ನಾವೇ ಹಾಕುವ ಲಾಕ್ ಆದರೆ ಇಂಥ ಕಡೆ ಹಾಕದೇ ಬಿಡಬಹುದು. ಅದರಲ್ಲಿ ಮುಂದಿನ ಆಕ್ಸಲಿಗೂ ಲಾಕ್ ಇದೆ. ಮುಂದೆ ಲಾಕ್ ಹಾಕಿದರೆ ಸ್ಟೀರಿಂಗ್ ಕಲ್ಲಿನ ಹಾಗೆ ಆಗುತ್ತದೆ, ಅದನ್ನು ನೇರ ಹೋಗುವಾಗ ಮಾತ್ರ ಹಾಕಬೇಕು. ನಾವೇ ಹಾಕುವ ಲಾಕಿಗೆ ಅಪ್ಪನ ಕ್ರಮವೇ ಸರಿ: ಚಕ್ರ ನಿಂತಿದ್ದಾಗ, ಹೂತುಕೊಳ್ಳುವ ಮೊದಲೇ ಹಾಕಿ. ತಿರುಗಿಸುವ ಮೊದಲು ತೆಗೆಯಿರಿ.

ಮಾರುತಿಯ ಜಿಮ್ನಿ ಗಾಡಿಯಲ್ಲಿ ಇದ್ಯಾವುದೂ ಇಲ್ಲ, ಬ್ರೇಕಿನಿಂದಲೇ ಕೆಲಸ ಮಾಡಿಸುತ್ತಾರೆ. ಜಾರುವ ಚಕ್ರಕ್ಕೆ ಮಾತ್ರ ಕಂಪ್ಯೂಟರ್ ಬ್ರೇಕ್ ಹಾಕುತ್ತದೆ. ಆ ಚಕ್ರಕ್ಕೆ ತಡೆ ಸಿಕ್ಕಿತು ಅಂದರೆ ಇನ್ನೊಂದಕ್ಕೂ ಅಷ್ಟೇ ಟಾರ್ಕ್ ಸಿಗುತ್ತದೆ, ಮೇಲೆ ಹೇಳಿದ ಸಮಪಾಲಿನ ಲೆಕ್ಕ. ಇದು ನಮಗೆ ಹೊಸದೇನಲ್ಲ. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇದೆ. ಕೆಸರಿನಲ್ಲಿ ಜಾರುವ ಕಡೆಯ ಬ್ರೇಕ್ ಮೆಲ್ಲಗೆ ಒತ್ತಿ ಇನ್ನೊಂದು ಚಕ್ರದಿಂದ ಎಳೆಸಿಕೊಳ್ಳುವುದು ನಮ್ಮ ಕಡೆ ಎಷ್ಟೋ ಡ್ರೈವರುಗಳಿಗೆ ಗೊತ್ತು. ರಸ್ತೆಗೆ ಬಂದ ಕೂಡಲೇ ಎರಡೂ ಪೆಡಲಿಗೆ ಕೊಂಡಿ ಹಾಕುವುದನ್ನು ಮಾತ್ರ ಮರೆಯಬೇಡಿ, ವೇಗದಲ್ಲಿ ಒಂದೇ ಕಡೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಉರುಳುತ್ತದೆ.

ಎರಡೂ ಚಕ್ರ ಗೋಡುಮಣ್ಣಿನಲ್ಲಿದ್ದರೆ ಯಾವ ಲಾಕೂ ಉಪಯೋಗಕ್ಕೆ ಬರುವುದಿಲ್ಲ. ಎರಡೂ ಎತ್ತು ಮಲಗಿದ ಹಾಗೆ. ಹೌಸಿಂಗ್ ಮಣ್ಣಿನ ಮೇಲೆ ಕೂತರೂ ಅಷ್ಟೇ, ಗುದ್ದಲಿಯೇ ಗತಿ. ಅದಕ್ಕೇ ನಾನು ಕೆಸರಿಗೆ ಇಳಿಯುವ ಮೊದಲು ಟೈರ್ ಗಾಳಿಯನ್ನು 20 ಪಿಎಸ್ಐ ಹತ್ತಿರಕ್ಕೆ ಇಳಿಸುತ್ತೇನೆ, ವಾಪಸ್ ತುಂಬಲು ಪಂಪ್ ಗಾಡಿಯಲ್ಲೇ ಇರುತ್ತದೆ.

ನೀರು ದಾಟಿ ಬಂದ ವಾರದೊಳಗೆ ಹಿಂದಿನ ಹೌಸಿಂಗಿನ ಮೇಲಿನ ಬೋಲ್ಟ್ ಬಿಚ್ಚಿ ಬೆರಳು ಹಾಕಿ ಎಣ್ಣೆ ನೋಡುತ್ತೇನೆ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ಗಾಳಿಯಾಡುವ ಕಿಂಡಿಯಾದ ಬ್ರೀದರಿನಿಂದಲೋ ಸೀಲಿನಿಂದಲೋ ನೀರು ಹೋಗಿದೆ ಅಂತ ಅರ್ಥ. ಆಗ ಅವತ್ತೇ ಎಣ್ಣೆ ಬದಲಿಸುತ್ತೇನೆ. ಈ ಲಾಕರಿನ ಬಿಗಿ ಇರುವುದು ಆ ಕ್ಲಚ್ ಪ್ಲೇಟುಗಳಲ್ಲಿ, ಹಾಗಾಗಿ ಗಾಡಿಯ ಪುಸ್ತಕದಲ್ಲಿ ಬರೆದಿರುವ ಎಣ್ಣೆಯನ್ನೇ ತರಿಸಿ ಹಾಕುತ್ತೇನೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದನ್ನು ಅದಕ್ಕೆ ಸುರಿಯುವುದಿಲ್ಲ.